ಕ್ಷಯದ ಔಷಧವೂ ಗರ್ಭನಿರೋಧಕ ಮಾತ್ರೆಯೂ

ಕ್ಷಯರೋಗಕ್ಕೆ ಔಷಧ ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ನೀವು ಕೇಳಿರಬಹುದು. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ಗಾಬರಿ ಬೇಡ. ಆದರೆ ಇದೇ ಔಷಧ ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ.

ಮಾತ್ರೆಯಲ್ಲಿರುವ ಹಾರ್ಮೋನು ಅತ್ಯಲ್ಪ. ಮಾಲಾ-ಡಿಯನ್ನೇ ತೆಗೆದುಕೊಳ್ಳಿ: ಇಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ, ಲಿವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ. ಅಂಡಾಣು ಬಿಡುಗಡೆಯಾಗದಂತೆ ತಡೆಯಲು ಅಷ್ಟೇ ಸಾಕು, ಆದರೆ ಅದು ರಕ್ತದಲ್ಲಿ ಉಳಿದಿರಬೇಕು. ಕಿಣ್ವಗಳ ಬಗ್ಗೆ ನೀವು ಓದಿದ್ದೀರಿ. ಯಕೃತ್ತಿನ ಕಿಣ್ವಗಳು ದಿನವೂ ಈ ಹಾರ್ಮೋನನ್ನು ಒಡೆದು ಹೊರಗೆ ಕಳಿಸುತ್ತಿರುತ್ತವೆ. ರಿಫಾಂಪಿಸಿನ್ ಬಂದರೆ ಯಕೃತ್ತು ಅಂಥ ಕಿಣ್ವಗಳನ್ನು ಇನ್ನಷ್ಟು ತಯಾರಿಸುತ್ತದೆ. ಹತ್ತು ಆಳು ಕೊಯ್ಯುತ್ತಿದ್ದ ಗದ್ದೆಗೆ ಇನ್ನಷ್ಟು ಆಳುಗಳು ಇಳಿದಂತೆ! ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದವಳೂ ಗರ್ಭ ಧರಿಸಬಹುದು. 1970ರ ದಶಕದಲ್ಲೇ ಜರ್ಮನಿಯ ವೈದ್ಯರು, ಎರಡನ್ನೂ ತೆಗೆದುಕೊಳ್ಳುತ್ತಿದ್ದ ಸ್ತ್ರೀಯರಲ್ಲಿ ಮುಟ್ಟು ಏರುಪೇರಾದುದನ್ನೂ ಕೆಲವರು ಗರ್ಭಿಣಿಯರಾದುದನ್ನೂ ವರದಿ ಮಾಡಿದ್ದರು.

ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ; ಔಷಧ ನಿಂತ ಮೇಲೂ ಸುಮಾರು ನಾಲ್ಕು ವಾರ ಕಿಣ್ವಗಳ ಭರಾಟೆ ಇಳಿಯುವುದಿಲ್ಲ. ಹೆಂಗಸರು ಕ್ಷಯದ ಔಷಧವನ್ನು ಒಂದು ಕಡೆ, ಗರ್ಭನಿರೋಧಕವನ್ನು ಇನ್ನೊಂದು ಕಡೆ ಪಡೆಯುತ್ತಾರೆ. ಕ್ಷಯದ ವೈದ್ಯರ ಮುಂದೆ ಮಾತ್ರೆಯ ಮಾತೆತ್ತಲು ಸಂಕೋಚ. ವೈದ್ಯರಿಗೂ ಕೇಳಲು ಸಂಕೋಚ. ನನ್ನ ದೃಷ್ಟಿಯಲ್ಲಿ ಕೇಳುವ ಹೊಣೆ ವೈದ್ಯರದೇ. ಹಾಗೆಂದು ಕ್ಷಯದ ಔಷಧವನ್ನು ಮಾತ್ರ ನಿಲ್ಲಿಸಲೇಬಾರದು. ಆ ಅವಧಿಗೆ ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಂಥ ಬೇರೆ ವಿಧಾನವನ್ನು ವೈದ್ಯರು ಸೂಚಿಸಬಲ್ಲರು.

ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್‌ಗಳದೂ ಇದೇ ಕಥೆ. ಲ್ಯಾಮೊಟ್ರಿಜಿನ್ ವಿಷಯ ತಿರುವುಮುರುವು: ಅಲ್ಲಿ ಗರ್ಭನಿರೋಧಕ ಮಾತ್ರೆಯೇ ಔಷಧದ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸಿ, ನಿಂತಿದ್ದ ಮೂರ್ಛೆ ಮರಳುವಂತೆ ಮಾಡಬಹುದು. ರಕ್ತದೊತ್ತಡ ಹೆಚ್ಚಿರುವವರಿಗೆ, ಕಣ್ಣ ಮುಂದೆ ಮಿಂಚು ಕಂಡು ಅರೆತಲೆನೋವು ಬರುವವರಿಗೆ ಈ ಬಗೆಯ ಮಾತ್ರೆಯೇ ತಕ್ಕುದಲ್ಲ.

ಇನ್ನು ಆಂಟಿಬಯಾಟಿಕ್ ಎಂದೊಡನೆ ಹೆದರುವವರಿದ್ದಾರೆ. ಗಂಟಲು ನೋವಿಗೆ ಬರೆಯುವ ಅಮಾಕ್ಸಿಸಿಲಿನ್ ಮಾತ್ರೆಯ ಬಲವನ್ನು ಕುಗ್ಗಿಸುವುದಿಲ್ಲ. ಊಟಕ್ಕೆ ಮುಂಚೆಯೋ ಆಮೇಲೋ ಎಂಬುದೂ ಮುಖ್ಯವಲ್ಲ. ಆದರೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮಾತ್ರೆ ಹೊರಗೆ ಹೋದಂತೆಯೇ, ಇನ್ನೊಂದನ್ನು ತೆಗೆದುಕೊಳ್ಳಬೇಕು.