ನೆಮ್ಮದಿಯಲ್ಲಿ ಹೆಣ್ಣಿನ ಪಾಲೆಷ್ಟು?



ಶಿಡ್ಲಘಟ್ಟದಲ್ಲಿ ನಾಲ್ಕು ಜನ ಸೇರಿದರೆ ಗೂಡಿನ ಧಾರಣೆಯ ಮಾತು ಬಂದೇ ಬರುತ್ತದೆ. ಆದರೆ ಕುದಿನೀರಿನ ಗೂಡಿನಿಂದ ಎಳೆ ಹುಡುಕುವ ಮಹಿಳೆ ನೆಮ್ಮದಿಯಿಂದ ಇರುವಳೇ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಬದಲಾವಣೆ ಆಗಿಲ್ಲವೆಂದಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಕಾಲೇಜುಗಳಿಗೆ ನಮ್ಮ ಹೆಣ್ಣುಮಕ್ಕಳು ಹೋಗುತ್ತಿದ್ದಾರೆ. ಗೌರಿಬಿದನೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನ ಪ್ರಯಾಣವೂ ಅವರಿಗೆ ಉಚಿತವಾಯಿತು. ಹಾಗಾದರೆ ಸಂತೃಪ್ತಿಯೂ ಅಷ್ಟೇ ಹೆಚ್ಚಿರಬೇಕಲ್ಲವೇ?

ಅಮೆರಿಕದ ಅನುಭವ ಬೇರೆಯೇ ಹೇಳುತ್ತದೆ. ಅರ್ಥಶಾಸ್ತ್ರಜ್ಞರಾದ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1970ರ ದಶಕದಲ್ಲಿ ಅಲ್ಲಿನ ಮಹಿಳೆಯರು ತಾವು ಪುರುಷರಿಗಿಂತ ಸಂತುಷ್ಟರೆಂದು ಹೇಳುತ್ತಿದ್ದರು. ಶಿಕ್ಷಣ, ವೇತನ, ಹಕ್ಕುಗಳು ಹೆಚ್ಚಿದ ಮುಂದಿನ ದಶಕಗಳಲ್ಲಿ ಆ ಸಂತೋಷ ಕುಗ್ಗಿತು.

"ನೋಡಿ, ಹೆಣ್ಣು ಹೊಸ್ತಿಲು ದಾಟಿದ್ದೇ ತಪ್ಪು" ಎಂದು ಕೆಲವರು ಇದರಿಂದ ತೀರ್ಮಾನಿಸಬಹುದು. ಇದು ಅವಸರದ ತೀರ್ಪು. ಅಜ್ಜಿ ತನ್ನನ್ನು ನೆರೆಮನೆಯ ಹೆಂಗಸಿನೊಂದಿಗೆ ಹೋಲಿಸಿಕೊಂಡಳು. ಮೊಮ್ಮಗಳು ತನ್ನಷ್ಟೇ ಓದಿದ ಅಣ್ಣನೊಂದಿಗೆ ಹೋಲಿಸಿಕೊಳ್ಳುತ್ತಾಳೆ. ಅಳತೆಗೋಲು ಬದಲಾದಾಗ ಉತ್ತರವೂ ಬದಲಾಗುತ್ತದೆ. ಅಜ್ಜಿಯ ಮೌನವನ್ನು ಸಂತೃಪ್ತಿಯೆಂದು ಬರೆದುಕೊಳ್ಳುವ ಹಕ್ಕು ನಮಗಿಲ್ಲ.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. ಕೇಂದ್ರ ಸರಕಾರದ ಸಮಯ ಬಳಕೆ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸ ಮಾಡುವವರಲ್ಲಿ 2019ರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸಿದ್ದರು. 2024ರಲ್ಲಿ ಅದು 289 ಮತ್ತು 88 ನಿಮಿಷ. ಐದು ವರ್ಷಗಳಲ್ಲಿ 202 ನಿಮಿಷಗಳ ಅಂತರ 201ಕ್ಕೆ ಇಳಿಯಿತು. ಅಂದರೆ ಕೇವಲ ಒಂದು ನಿಮಿಷ! ಹೆಣ್ಣಿಗೆ ಹೊರಗಿನ ದುಡಿಮೆಯ ಬಾಗಿಲು ತೆರೆದೆವು, ಒಳಗಿನ ದುಡಿಮೆಗೆ ಹೆಗಲು ಕೊಡಲಿಲ್ಲ.

ಇದಕ್ಕೆ ಧರ್ಮವನ್ನು ನೆಪವಾಗಿಸುವಂತಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಇದನ್ನು ಭಾಷಣಗಳಲ್ಲಿ ಹೇಳುವ ನಾವೇ ಮನೆಗೆ ಮರಳಿದೊಡನೆ ಚಹಾಕ್ಕಾಗಿ ಕೂಗುತ್ತೇವೆ.

ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆ ಹುಳುವಿಗೆ ಈ ಸೀಮೆಯ ಜನ ಹೊತ್ತು ತಪ್ಪದೆ ಸೊಪ್ಪು ಹಾಕುತ್ತಾರೆ. ಸೊಪ್ಪು ಹಾಕಿದವಳು ಉಂಡಳೇ, ವಿಶ್ರಮಿಸಿದಳೇ ಎಂದು ಕೇಳುವವರು ಯಾರು? ಇಂದು ರಾತ್ರಿ ಮನೆಗೆ ಹೋಗಿ ನಾವು ಮೊದಲು ಅದನ್ನು ಕೇಳೋಣ. ಉತ್ತರ ಕೇಳಿ ಸುಮ್ಮನೆ ಕೂರದಿರೋಣ.