ಸುಮ್ಮನೆ ಕುಳಿತ ಕಂಪ್ಯೂಟರು
(ಗೋಕಾಕ, ಮೂಡಲಗಿಗಳ ಬಳಿಕ ಹುಕ್ಕೇರಿಯ ಕೂಟದಲ್ಲಿ ಮಾಡಿದ ಭಾಷಣ)



ಹುಕ್ಕೇರಿಯವರಿಗೆ ಸಹಕಾರದ ಪಾಠವನ್ನು ನಾವು ಬಂದು ಹೇಳಬೇಕಾಗಿಲ್ಲ. 1969ರಲ್ಲಿ ಹುಟ್ಟಿದ ನಿಮ್ಮ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಮನೆಗಳಿಗೆ ದೀಪ ಕೊಡುತ್ತಿದೆ. ಗೋಕಾಕದ ಜಲಪಾತದಲ್ಲಿ 1887ರಲ್ಲಿಯೇ ವಿದ್ಯುತ್ತು ಹುಟ್ಟಿತೆನ್ನುತ್ತಾರೆ. ಆದರೆ ಅದು ದುಡಿದುದು ಗಿರಣಿಗೆ. ಇಂದಿನ ನಮ್ಮ ಮಾತೂ ವಿದ್ಯುತ್ತಿನದೇ, ಸಹಕಾರದ್ದೇ.

ಮನೆಯ ಕಂಪ್ಯೂಟರು ದಿನದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಆ ಬಿಡುವನ್ನು ವಿಜ್ಞಾನಕ್ಕೆ ಕೊಡುವ ಪದ್ಧತಿಯೊಂದುಂಟು. ಕೆರೆಯ ಹೂಳೆತ್ತಲು ಮನೆಗೊಂದು ಆಳು ಬರುವಂತೆ, ದೊಡ್ಡದೊಂದು ಲೆಕ್ಕವನ್ನು ತುಣುಕು ಮಾಡಿ ಮನೆಮನೆಯ ಯಂತ್ರಗಳಿಗೆ ಹಂಚುತ್ತಾರೆ. ಎಷ್ಟೋ ಸಲ ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ಬರ್ಕ್ಲಿ ವಿಶ್ವವಿದ್ಯಾನಿಲಯದವರು 1999ರಲ್ಲಿ ಅನ್ಯಲೋಕದ ರೇಡಿಯೋ ಸಂಕೇತ ಹುಡುಕಲು ಹೀಗೆ ಯಂತ್ರಗಳನ್ನು ಕೂಡಿಸಿದರು. 50 ಲಕ್ಷಕ್ಕೂ ಹೆಚ್ಚು ಜನ ಸೇರಿದರು. 2020ರಲ್ಲಿ ಹಂಚಿಕೆ ನಿಂತಿತು, ಸಂಕೇತ ಸಿಗಲಿಲ್ಲ. ಅದೇ ವರ್ಷ ಕೊರೋನಾ ಬಂದಾಗ, ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆಗೆ ಜನ ಕೊಟ್ಟ ಯಂತ್ರಗಳ ಒಟ್ಟು ಶಕ್ತಿ ಜಗತ್ತಿನ ಅತಿ ದೊಡ್ಡ ಸೂಪರ್ ಕಂಪ್ಯೂಟರನ್ನೂ ಮೀರಿತ್ತು.

ಮೂಡಲಗಿಯಲ್ಲಿ ಒಬ್ಬರು ಎದ್ದು ಕೇಳಿದರು: "ಅದೆಲ್ಲಾ ಖರೆ, ಕರೆಂಟ್ ಬಿಲ್ ಯಾರ್ ತುಂಬಬೇಕ್ರೀ ಮಾಸ್ತರ?"

ನ್ಯಾಯವಾದ ಪ್ರಶ್ನೆ. 100 ವ್ಯಾಟಿನ ಯಂತ್ರ ಹಗಲಿರುಳು ನಡೆದರೆ ದಿನಕ್ಕೆ 2.4 ಯುನಿಟ್, ತಿಂಗಳಿಗೆ 72. ಗೃಹಜ್ಯೋತಿಯಲ್ಲಿ ನಿಮ್ಮ ಹಿಂದಿನ ಸರಾಸರಿಯ ಮೇಲೆ ಸ್ವಲ್ಪವಷ್ಟೇ ಹೆಚ್ಚಿಗೆ ಸಿಗುವುದು. ಒಟ್ಟು 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೇ. ಆದುದರಿಂದ ರಾತ್ರಿ ಎಂಟು ತಾಸು ಮಾತ್ರ ನಡೆಸಿರಿ, 24 ಯುನಿಟ್ಟಿನಲ್ಲಿ ಮುಗಿಯುತ್ತದೆ. ಬಿಲ್ಲು ತುಂಬಲು ತಿಣುಕುವ ಮನೆಯವರು ಇದಕ್ಕೆ ಕೈಹಾಕಲೇಬೇಡಿರಿ. ಹಾಗೆಂದು ಶಾಲೆಯ, ಕಚೇರಿಯ ಯಂತ್ರದಲ್ಲಿ ಕೇಳದೆ ಹಾಕುವುದೂ ಸಲ್ಲದು. ಆ ಬಿಲ್ಲೂ ಜನರದೇ.

ಯಂತ್ರವನ್ನು ಸುಧಾರಿಸುವಲ್ಲಿ ನಾವು ಮೋಸಹೋದುದನ್ನೂ ಹೇಳಬೇಕು. ವೇಗ ಹೆಚ್ಚೀತೆಂದು ನಮ್ಮ ಹಳೆಯ ಯಂತ್ರಕ್ಕೆ ಹಣ ಹಾಕಿ ಎಸ್.ಎಸ್.ಡಿ. ಕೂಡಿಸಿದೆವು. ಯಂತ್ರ ಬೇಗ ಎದ್ದಿತು, ಲೆಕ್ಕ ಮಾತ್ರ ಮೊದಲಿನ ನಡಿಗೆಯಲ್ಲೇ ಸಾಗಿತು. ಲೆಕ್ಕ ಮಾಡುವುದು ಪ್ರೊಸೆಸರು. ಮೇಲಾಗಿ ಏಪ್ರಿಲ್ ಬಿಸಿಲಿಗೆ ಅದು ತಾನೇ ಆರತೊಡಗಿತು. ಬಿಚ್ಚಿ ನೋಡಿದರೆ ಫ್ಯಾನಿನಲ್ಲಿ ಹತ್ತಿಯಂತೆ ಧೂಳು! ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟು ಬದಲಿಸಿದ ಮೇಲೆ ಸರಿಯಾಯಿತು. ಖರ್ಚು ಅಲ್ಪ, ಫಲ ದೊಡ್ಡದು. 4 ಜಿ.ಬಿ. ರ‍್ಯಾಮ್ ಇದ್ದಲ್ಲಿ 8 ಮಾಡಿರಿ, ಏಕೆಂದರೆ ಏಕಕಾಲಕ್ಕೆ ನಡೆಯುವ ಪ್ರತಿ ತುಣುಕಿಗೂ ಜಾಗ ಬೇಕು. ಗ್ರಾಫಿಕ್ಸ್ ಕಾರ್ಡು ಬಹಳ ದುಡಿಯುತ್ತದೆ, ಆದರೆ ಎಸ್.ಎಂ.ಪಿ.ಎಸ್. ತಾಳುವುದೋ ನೋಡಿ ಕೊಳ್ಳಿರಿ. ಹದಿನೈದು ವರ್ಷ ದಾಟಿದ ಯಂತ್ರ ಮಾಡುವ ಕೆಲಸಕ್ಕಿಂತ ತಿನ್ನುವ ಕರೆಂಟೇ ಹೆಚ್ಚು. ಅದು ಮಕ್ಕಳ ಟೈಪಿಂಗಿಗಿರಲಿ. ವಿಂಡೋಸ್ 10ಕ್ಕೆ ಕಂಪನಿಯ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪುಕ್ಕಟೆಯ ಲಿನಕ್ಸ್ ಹಾಕಿಕೊಳ್ಳಿರಿ. ಬೋಯಿಂಕ್ ಎಂಬ ತಂತ್ರಾಂಶವೂ ಪುಕ್ಕಟೆ. ಅದರಲ್ಲಿ ಅರ್ಧ ಪ್ರೊಸೆಸರು ಸಾಕೆಂದು ಗುರುತು ಮಾಡಿದರೆ ಯಂತ್ರ ಕಾಯದು.

ಒಂದನ್ನು ಮಾತ್ರ ಮರೆಯಬೇಡಿರಿ. ಲೆಕ್ಕ ಯಾರದೆಂದು ಮೊದಲು ವಿಚಾರಿಸಿರಿ. ಫಲವನ್ನು ಎಲ್ಲರೆದುರು ಪ್ರಕಟಿಸುವ ಯೋಜನೆಗೇ ನಿಮ್ಮ ರಾತ್ರಿಯ ಕರೆಂಟು ಸಲ್ಲಲಿ. ನಾವು ಬಿಟ್ಟಿ ದುಡಿದು, ಫಲವನ್ನು ಒಬ್ಬ ವ್ಯಾಪಾರಿ ಬೀಗ ಹಾಕಿಟ್ಟು ಮಾರುವುದಾದರೆ ಅದಕ್ಕೆ ಸೇವೆಯೆಂಬ ಹೆಸರೇಕೆ?

ಯಂತ್ರ ತಂದವರು ಈಗ ಮುಂದೆ ಬನ್ನಿರಿ. ಬ್ರಶ್ಶು, ಸ್ಕ್ರೂ ಡ್ರೈವರು, ಪೇಸ್ಟು ನಾವು ತಂದಿದ್ದೇವೆ.