ಹಳೆಯ ಸದ್ದಿಗೆ ಹೊಸ ಕಿವಿ

ಹಳೆಯದನ್ನು ಮತ್ತೆ ಬಾಳಿಸಬೇಕೆಂಬ ಹಂಬಲ ಪಂಡಿತರಿಗೆ ಮಾತ್ರ ತಗಲುವ ರೋಗವೆಂದು ಲೋಕ ತಿಳಿದಿದೆ. ಓಲೆಗರಿ, ಹಳಗನ್ನಡ, ಮರೆತ ಛಂದಸ್ಸು ಎಂದು ಹಿಂದೆ ಬಿದ್ದವನನ್ನು ಕಂಡರೆ ಮನೆಯ ಮಕ್ಕಳೇ ಮುಸಿಮುಸಿ ನಗುತ್ತಾರೆ. ಆದರೆ ಇದೇ ಹಂಬಲ ಯುರೋಪಿನಲ್ಲಿ ಬೆಳಗಿನ ಜಾವದವರೆಗೆ ಕುಣಿಯುವ ತರುಣರಿಗೂ ಹತ್ತಿಕೊಂಡಿದೆ ಎಂದರೆ ನಂಬುತ್ತೀರಾ? ಅವರು ಬಾಳಿಸಹೊರಟಿರುವುದು ಸಾವಿರ ವರ್ಷದ ಕಾವ್ಯವನ್ನಲ್ಲ, ಮೂವತ್ತು ಚಿಲ್ಲರೆ ವರ್ಷಗಳ ಹಿಂದಿನ ಒಂದು ಸದ್ದನ್ನು. ವಿದ್ಯುತ್ ಯಂತ್ರಗಳಿಂದ ಹೊರಡುವ ನೃತ್ಯಸಂಗೀತದಲ್ಲಿ ಅತ್ಯಂತ ಉಗ್ರವಾದ ಶಾಖೆ ಒಂದಿದೆ. ಅದಕ್ಕೆ ಹಾರ್ಡ್‌ಕೋರ್ ಎಂದು ಹೆಸರು. ಈಗ ಅಲ್ಲಿನ ಕೆಲವರು, ಹೊಸತು ಸಾಕು, ಆ ಹಳೆಯ ಸದ್ದೇ ಬೇಕು ಎನ್ನುತ್ತಿದ್ದಾರೆ.

ಈ ಸಂಗೀತದ ತವರು ಹಾಲೆಂಡಿನ ರಾಟರ್‌ಡ್ಯಾಮ್ ಎಂದು ಹೇಳುವ ವಾಡಿಕೆ. ಅದು ಬಂದರಿನ ಊರು. 1940ರ ಮೇ 14ರಂದು ಜರ್ಮನ್ ವಿಮಾನಗಳ ಬಾಂಬಿಗೆ ಅದರ ನಡುಭಾಗವೆಲ್ಲ ನೆಲಸಮವಾಗಿ, ಮತ್ತೆ ಕಟ್ಟಿದ್ದು. ನೆರೆಯ ಆಮ್‌ಸ್ಟರ್‌ಡ್ಯಾಮಿಗೆ ಕಾಲುವೆಗಳ ಚೆಲುವು, ಚಿತ್ರಶಾಲೆಗಳ ಕೀರ್ತಿ. ಇವರಿಗೆ ಕ್ರೇನು, ಹಡಗು, ಬೆವರು. ಊರುಗಳ ಮಧ್ಯೆ ಇಂಥ ಹುರುಡು ಎಲ್ಲಿಲ್ಲ ಹೇಳಿ! 1992ರಲ್ಲಿ ಪೌಲ್ ಎಲ್‌ಸ್ಟಾಕ್ ಎಂಬಾತ ರಾಟರ್‌ಡ್ಯಾಮ್ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ತೆರೆದು ಹೊರಡಿಸಿದ ಮೊದಲ ಧ್ವನಿಮುದ್ರಿಕೆಯ ಹೆಸರೇ ಆಮ್‌ಸ್ಟರ್‌ಡ್ಯಾಮ್ ಎಂಬ ಊರು ಎಲ್ಲಿದೆಯಪ್ಪಾ ಎಂದು ಕೆಣಕುವಂಥದು.

ಈ ಶೈಲಿಗೆ ಅಲ್ಲಿ ಗ್ಯಾಬರ್ ಎನ್ನುತ್ತಾರೆ. ಡಚ್ಚರ ಬಾಯಲ್ಲಿ ಅದು ಹೆಚ್ಚುಕಡಿಮೆ ಖಬ್ಬರ್ ಎಂದಾಗುತ್ತದೆ. ನಮ್ಮ ‘ಅಬ್ಬರ’ಕ್ಕೂ ಅದಕ್ಕೂ ನಂಟಿಲ್ಲ, ದ್ವಿತೀಯಾಕ್ಷರ ಪ್ರಾಸ ಮಾತ್ರ ಸೊಗಸಾಗಿ ಕೂಡುತ್ತದೆ. ಪದದ ಮೂಲ ಹೀಬ್ರೂ. ಅಲ್ಲಿ ‘ಹವೇರ್’ ಎಂದರೆ ಗೆಳೆಯ. ಯಹೂದಿಯರ ಮನೆಮಾತಾದ ಯಿದ್ದಿಷ್ ಮೂಲಕ ಅದು ಡಚ್ ಬೀದಿಮಾತಿಗೆ ಇಳಿಯಿತು. ಈ ವ್ಯುತ್ಪತ್ತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಲೆಂಡಿನ ಐಂಧೋವನ್‌ನಲ್ಲಿ ಕೆಲಸಕ್ಕಿದ್ದಾನೆ. ಅವನು ಕಳುಹಿಸಿದ ಮುದ್ರಿಕೆಯಿಂದ ನನಗೆ ಇದರ ಪರಿಚಯವಾಯಿತು. ಮೊದಲ ಬಾರಿ ಕೇಳಿದಾಗ ಪಕ್ಕದ ಮನೆಯಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದಾರೆಂದು ನಮ್ಮವಳು ಕಿಟಕಿ ಮುಚ್ಚಿದಳು. ವಿಶ್ರಾಂತಿಯಲ್ಲಿರುವವರ ಎದೆ ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಬಡಿಯುತ್ತದಷ್ಟೆ? ಇಲ್ಲಿ ನಗಾರಿ ನಿಮಿಷಕ್ಕೆ 160ರಿಂದ 190 ಸಲ ಬಡಿಯುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಮೂರು ಪೆಟ್ಟು, ಎಡೆಬಿಡದೆ. ಅದಕ್ಕೆ ಹೊಂದಿಸಿ ಕಾಲಾಡಿಸುವ ಕುಣಿತಕ್ಕೆ ‘ಹಾಕೆನ್’ ಎಂದು ಹೆಸರು. ಡಚ್ಚಿನಲ್ಲಿ ಕೊಚ್ಚುವುದು ಎಂದರ್ಥ. ಸೌಮ್ಯ ಸಂಗೀತದ ಅಭಿಮಾನಿಗಳು ಇದನ್ನು ಸಂಗೀತವೆಂದು ಒಪ್ಪಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಆ ಸದ್ದು ಹುಟ್ಟಿದ ಬಗೆ ತಿಳಿದುಕೊಳ್ಳತಕ್ಕದ್ದು.

ಜಪಾನಿನ ರೋಲ್ಯಾಂಡ್ ಸಂಸ್ಥೆ 1983ರಲ್ಲಿ ಟಿ.ಆರ್. 909 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮೃದಂಗ ತಬಲಗಳ ಬದಲು ಮದ್ದಳೆಯ ಪೆಟ್ಟಿಗೆ ಎನ್ನೋಣ. ವಾದ್ಯಗಾರನಿಲ್ಲದಾಗ ಡ್ರಮ್ಮಿನ ಕೆಲಸ ಮಾಡಲೆಂದು ಅದನ್ನು ರೂಪಿಸಿದರು. ನಿಜವಾದ ಡ್ರಮ್ಮಿನ ಸದ್ದು ಅದರಿಂದ ಹೊರಡಲಿಲ್ಲ. ಕೊಳ್ಳುವವರು ಕಡಮೆಯಾಗಿ, ಸುಮಾರು ಹತ್ತು ಸಾವಿರ ಯಂತ್ರಗಳಷ್ಟೇ ತಯಾರಾಗಿ ಒಂದೆರಡು ವರ್ಷದಲ್ಲಿಯೇ ಅದರ ತಯಾರಿಕೆ ನಿಂತಿತು. ಪೆಟ್ಟಿಗೆಗಳು ಹಳೆಯ ಸಾಮಾನಿನ ಅಂಗಡಿಗೆ ಬಿದ್ದವು. ಅಗ್ಗವಾಗಿ ಸಿಕ್ಕಿದ್ದರಿಂದ ಷಿಕಾಗೋ, ಡೆಟ್ರಾಯಿಟ್ ನಗರಗಳ ಬಡ ಕಪ್ಪು ತರುಣರು ಅವನ್ನು ಕೊಂಡು, ಹೌಸ್ ಟೆಕ್ನೋ ಎಂಬ ಹೊಸ ಸಂಗೀತಗಳನ್ನು ಕಟ್ಟಿದರು. ಅಲ್ಲಿಂದ ಅದು ಯುರೋಪಿಗೆ ಹರಿಯಿತು.

ರಾಟರ್‌ಡ್ಯಾಮಿನವರು ಮಾಡಿದ್ದು ಇನ್ನೂ ಒಂದು ಹೆಜ್ಜೆ. ನಿಮ್ಮ ಮನೆಯ ಹಳೆಯ ರೇಡಿಯೋದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ನೋಡಿ. ಧ್ವನಿ ದೊಡ್ಡದಾಗುವುದಿಲ್ಲ, ಒಡೆಯುತ್ತದೆ. ಸದ್ದಿನ ಅಲೆ ಯಂತ್ರದ ಶಕ್ತಿಯನ್ನು ಮೀರಿದಾಗ ಅಲೆಯ ನೆತ್ತಿ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ಹಾಗೆ ಕತ್ತರಿಸಿದೊಡನೆ ಮೂಲಸ್ವರದ ಮೂರು ಪಟ್ಟು, ಐದು ಪಟ್ಟು ಕಂಪನದ ಮರಿಸ್ವರಗಳು ಅದರೊಳಗಿಂದ ಏಳುತ್ತವೆ. ತಂಬೂರಿಯ ಮಂದ್ರ ತಂತಿಯನ್ನು ಮೀಟಿದಾಗ ಮೀಟದೇ ಇದ್ದ ಗಾಂಧಾರ ಕಿವಿಗೆ ಬೀಳುವುದನ್ನು ಸಂಗೀತ ಬಲ್ಲವರು ಅರಿಯರೇ? ಅದೂ ಈ ಐದು ಪಟ್ಟಿನ ಸ್ವರವೇ. ತಂಬೂರಿಯಲ್ಲಿ ಅದು ಸೌಮ್ಯವಾಗಿ ಅರಳುತ್ತದೆ, ಇಲ್ಲಿ ಗರ್ಜಿಸುತ್ತದೆ. ಒಡೆದ ಪೆಟ್ಟು ‘ಧಡ್’ ಎಂದು ಸಾಯದೆ ಬಾಲ ಎಳೆದುಕೊಂಡು ಒಂದು ಸ್ವರವಾಗಿ ನಿಲ್ಲುತ್ತದೆ. ಆಗ ನಗಾರಿಯನ್ನೇ ಶ್ರುತಿ ಮಾಡಿ ರಾಗದ ಕೆಳದನಿಯಾಗಿ ನುಡಿಸಬಹುದು. ಲಯವೂ ನಗಾರಿಯೇ, ಸ್ವರವೂ ನಗಾರಿಯೇ. ಇನ್ನೊಂದು ಲಾಭವುಂಟು. ಸಣ್ಣ ಪೆಟ್ಟಿಗೆಯ ರೇಡಿಯೋದಿಂದ ಸೆಕೆಂಡಿಗೆ ಐವತ್ತು ಕಂಪನದ ಆಳದ ಸದ್ದು ಹೊರಡಲಾರದು. ಆದರೆ ಅದರ ಮರಿಸ್ವರಗಳು ಹೊರಡುತ್ತವೆ. ಇಲ್ಲದ ತಾಯಿಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ.

ಅಂತೂ ಇಂಜಿನಿಯರರು ದೋಷವೆಂದು ಹೇಳುವುದನ್ನು ಇವರು ಅಲಂಕಾರ ಮಾಡಿಕೊಂಡರು. ಇವರಿಗಿಂತ ಮೊದಲೇ, 1990ರ ಸುಮಾರಿಗೆ, ಜರ್ಮನಿಯ ಫ್ರಾಂಕ್‌ಫರ್ಟಿನ ಮಾರ್ಕ್ ಅಕಾರ್ಡಿಪಾನೆ ಮೆಸ್ಕಲಿನಮ್ ಯುನೈಟೆಡ್ ಎಂಬ ಹೆಸರಿನಲ್ಲಿ ಇಂಥ ಒಡೆದ ನಗಾರಿಯ ಕೃತಿಯೊಂದನ್ನು ಮಾಡಿದ್ದ. ಹಾರ್ಡ್‌ಕೋರಿನ ಆದಿಕೃತಿಯೆಂದು ಅನೇಕರು ಅದನ್ನೇ ತೋರಿಸುತ್ತಾರೆ. ಇನ್ನೊಂದು ಪ್ರಸಿದ್ಧ ಸದ್ದಿಗೆ ‘ಹೂವರ್’ ಎಂದು ಹೆಸರು. ನೆಲದ ಧೂಳು ಹೀರುವ ಯಂತ್ರದ ಹೆಸರದು, ಸದ್ದೂ ಹಾಗೆಯೇ. ರೋಲ್ಯಾಂಡಿನವರದೇ ಆಲ್ಫಾ ಜೂನೋ ಎಂಬ ಕೀಲಿಮಣೆ ವಾದ್ಯದೊಳಗೆ ಎರಿಕ್ ಪರ್ಸಿಂಗ್ ಎಂಬಾತ ತುಂಬಿಸಿಟ್ಟ ಒಂದು ವಿಚಿತ್ರ ದನಿ ಅದರ ಮೂಲ. ಅವನೇ ಅದಕ್ಕೆ ‘ಇದೇನಪ್ಪಾ’ ಎಂಬಂಥ ಹೆಸರಿಟ್ಟಿದ್ದ. 1991ರ ಒಂದೆರಡು ಮುದ್ರಿಕೆಗಳಲ್ಲಿ ಅದು ಮೊಳಗಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1992ರ ಅಕ್ಟೋಬರಿನಲ್ಲಿ ಹೇರನ್‌ವೇನ್ ಊರಿನ ಹಿಮದ ಮೇಲೆ ಜಾರುವ ಆಟದ ಅಂಗಣದಲ್ಲಿ ಥಂಡರ್‌ಡೋಮ್ ಎಂಬ ಮಹಾಸಭೆ ಆರಂಭವಾಯಿತು. ಬೋಳುತಲೆ, ಬಣ್ಣದ ವ್ಯಾಯಾಮದ ಉಡುಪು, ಮೆತ್ತನೆ ಅಟ್ಟೆಯ ಬೂಟು ಹಾಕಿಕೊಂಡ ಹುಡುಗಹುಡುಗಿಯರಿಂದ ಹಾಲೆಂಡು ತುಂಬಿಹೋಯಿತು. ಮಾದಕ ಗುಳಿಗೆಗಳ ಹಾವಳಿಯೂ ಅಲ್ಲಿ ಸೇರಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಣ ಬಂತು, ಹಣದ ಹಿಂದೆ ಸಿಹಿ ಸವರಿದ ಹಾಡುಗಳು ಬಂದವು, 1997ರ ಹೊತ್ತಿಗೆ ಅಣಕದ ಹಾಡುಗಳೂ ಬಂದವು. ತನ್ನ ಅಣಕವನ್ನು ತಾನೇ ಮಾರುವ ಹಂತಕ್ಕೆ ಬಂದ ಕಲೆ ಬಹಳ ದಿನ ನಿಲ್ಲದು. ಹೊಸ ಶತಮಾನದಲ್ಲಿ ಹಾರ್ಡ್‌ಕೋರ್ ಉಳಿಯಿತಾದರೂ ವೇಗ ತಗ್ಗಿ, ಗಣಕಯಂತ್ರದಲ್ಲಿ ನುಣ್ಣಗೆ ಮಾಡಿದ ಇನ್ನೊಂದೇ ವಸ್ತುವಾಯಿತು. 2012ರಲ್ಲಿ ಥಂಡರ್‌ಡೋಮ್ ಕೊನೆಯ ಸಭೆಯೆಂದು ಸಾರಿ ಬಾಗಿಲು ಹಾಕಿತು. 2017ರಲ್ಲಿ, ಇಪ್ಪತ್ತೈದನೆಯ ವರ್ಷದ ನೆಪದಲ್ಲಿ, ಯೂಟ್ರೆಕ್ಟಿನಲ್ಲಿ ಮತ್ತೆ ತೆರೆಯಿತು.

ಬಾಗಿಲು ತೆರೆದಾಗ ಹಿಂದಿನ ಗೆಳೆಯರು ಮಾತ್ರ ಬಂದಿದ್ದರೆ ಅದು ಹಳೆಯ ವಿದ್ಯಾರ್ಥಿಗಳ ಸಮ್ಮೇಳನವಾಗುತ್ತಿತ್ತು. ಮಂಡಿ ನೋಯುವ ವಯಸ್ಸಿನವರು ಒಂದು ರಾತ್ರಿ ಕುಣಿದು, ವಾರವೆಲ್ಲ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರು. ಆದರೆ 1992ರಲ್ಲಿ ಹುಟ್ಟಿರದವರೂ ಬಂದರು. ಗ್ಯಾಬರ್ ಎಲೆಗಾಂಜಾ ಎಂಬ ಹೆಸರಿನ ಇಟಲಿಯ ಕಲಾವಿದ ಹಳೆಯ ಭಾವಚಿತ್ರಗಳನ್ನೂ ಕರಪತ್ರಗಳನ್ನೂ ಹುಡುಕಿ ಕೂಡಿಸಿ, ಆ ಕುಣಿತವನ್ನೇ ರಂಗಪ್ರಯೋಗವಾಗಿ ತೋರಿಸಿದ್ದಾನೆ. ಪ್ಯಾರಿಸಿನಲ್ಲಿ, ಪೋಲೆಂಡಿನಲ್ಲಿ ತರುಣರ ಬಳಗಗಳು ಎದ್ದಿವೆ. ರೋಲ್ಯಾಂಡ್ ಸಂಸ್ಥೆಯೇ 2016ರಲ್ಲಿ 909ರ ಸದ್ದನ್ನು ಅಂಗೈಯಗಲದ ಹೊಸ ಪೆಟ್ಟಿಗೆಯಲ್ಲಿಟ್ಟು ಮಾರಿತು. ಒಂದು ಕಾಲಕ್ಕೆ ಗುಜರಿ ಸೇರಿದ್ದ ಮೂಲಯಂತ್ರಕ್ಕೆ ಈಗ ಸಾವಿರಾರು ಡಾಲರಿನ ಬೆಲೆ.

ಈ ಪುನರುಜ್ಜೀವನದಲ್ಲಿ ಎರಡು ಬಗೆಯ ಜನರಿದ್ದಾರೆಂದು ನನಗೆ ಕಾಣುತ್ತದೆ. ಹಳೆಯ ಸದ್ದು ಹಾಗಿದ್ದುದು ಬಡತನದಿಂದ. ಆಗಿನ ಅಗ್ಗದ ಅಮೀಗಾ ಗಣಕಯಂತ್ರದಲ್ಲಿ ಒಮ್ಮೆಗೆ ನಾಲ್ಕೇ ಧ್ವನಿಗಳು ಹೊರಡುತ್ತಿದ್ದವು, ಸದ್ದನ್ನು ಸೆರೆಹಿಡಿಯುವ ನುಣುಪು ಕಡಮೆ, ಸ್ಮರಣಶಕ್ತಿಯೂ ಅಲ್ಪ. ಹಾಗಾಗಿ ಒರಟುತನ. ಈಗಿನ ಯಂತ್ರಗಳಲ್ಲಿ ನೂರಾರು ಧ್ವನಿಗಳನ್ನು ಕನ್ನಡಿಯಂತೆ ಹಿಡಿಯಬಹುದು. ಆ ನುಣ್ಣನೆಯ ಸದ್ದನ್ನು ಹಟದಿಂದ ಒರಟು ಮಾಡಿ, ಇಲ್ಲದ ಗರಗರವನ್ನು ಬೆರೆಸಿ, ‘ಇದು 1992ರದೇ’ ಎನ್ನುವವರದು ಒಂದು ಗುಂಪು. ಹೊಸ ತಾಮ್ರದ ತಂಬಿಗೆಗೆ ಕಿಲುಬು ಹಿಡಿಸಿ ಅಜ್ಜನ ಕಾಲದ್ದೆಂದು ಮಾರುವ ಕಸುಬು ಅದು. ನನಗೆ ಅದರಲ್ಲಿ ಗೌರವವಿಲ್ಲ. ಇನ್ನೊಂದು ಗುಂಪಿನವರು ಆ ನಾಲ್ಕು ಧ್ವನಿಗಳ ಕಟ್ಟನ್ನು ಷಟ್ಪದಿಯ ಕಟ್ಟಿನಂತೆ ಇಟ್ಟುಕೊಂಡು, ಅದರೊಳಗೆ ತಮ್ಮದನ್ನು ಹೇಳುತ್ತಾರೆ. ಷಟ್ಪದಿ ಬರೆದವನೆಲ್ಲ ಕುಮಾರವ್ಯಾಸನಾಗಬೇಕಿಲ್ಲ. ಹೇಳುವುದು ತನ್ನದಾಗಿದ್ದರೆ ಸಾಕು.

ಹಳೆಯದನ್ನು ತರುವವರು ಹಳೆಯ ಸಾಲವನ್ನೂ ತರಬೇಕಾಗುತ್ತದೆ. ಇಂಗ್ಲೆಂಡಿನ ಹಾರ್ಡ್‌ಕೋರಿನವರು ನಗಾರಿಯನ್ನು ಒಡೆಯುವ ಬದಲು, 1969ರ ಒಂದು ಅಮೆರಿಕನ್ ಮುದ್ರಿಕೆಯಿಂದ ಆರೇಳು ಸೆಕೆಂಡಿನ ತನಿಯನ್ನು ಕತ್ತರಿಸಿ ಜೋಡಿಸುತ್ತಿದ್ದರು. ನುಡಿಸಿದವನು ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್. ಸಾವಿರಾರು ಹಾಡುಗಳಲ್ಲಿ ಅವನ ಕೈ ಕೇಳಿಸುತ್ತದೆ. 2006ರಲ್ಲಿ ತೀರಿಕೊಂಡ ಅವನಿಗೆ ಅದರಿಂದ ಕಾಸು ಬರಲಿಲ್ಲ. 2015ರಲ್ಲಿ ಅಭಿಮಾನಿಗಳು ಸುಮಾರು 24,000 ಪೌಂಡು ಚಂದಾ ಎತ್ತಿ ತಂಡದ ಹಿರಿಯ ರಿಚರ್ಡ್ ಸ್ಪೆನ್ಸರಿಗೆ ಒಪ್ಪಿಸಿದರು. ತಡವಾಯಿತು, ಆದರೂ ಒಪ್ಪಿಸಿದರಲ್ಲ!

ಹಾಲೆಂಡಿನ ಸಾಲ ಇದಕ್ಕಿಂತ ಕಹಿ. ತೊಂಬತ್ತರ ದಶಕದ ಆ ಬೋಳುತಲೆಗಳ ನಡುವೆ ಜನಾಂಗದ್ವೇಷಿಗಳೂ ಕೆಲವರು ನುಸುಳಿದ್ದರು. ಹಿಟ್ಲರನ ಕಾಲದ ಗುರುತುಗಳನ್ನು ಹಚ್ಚಿಕೊಂಡು ಬರುತ್ತಿದ್ದರು. ಯಹೂದಿಯರ ಬಾಯಿಂದ ಬಂದ ‘ಗೆಳೆಯ’ ಎಂಬ ಮಾತಿನಿಂದ ತಮ್ಮನ್ನು ಕರೆದುಕೊಳ್ಳುತ್ತ, ಯಹೂದಿಯರನ್ನು ಕೊಂದವರ ಚಿಹ್ನೆಯನ್ನು ತೋಳಿಗೆ ಕಟ್ಟುವುದು! ಅದೂ ಆ ವಿಮಾನಗಳು ಸುಟ್ಟ ಊರಿನಲ್ಲಿ. ಪದದ ಹುಟ್ಟು ತಿಳಿಯದಿದ್ದರೆ ಇಷ್ಟು ದೂರದವರೆಗೆ ಕೇಡು ನಡೆಯಬಲ್ಲದು. ಹಾರ್ಡ್‌ಕೋರಿನ ಕಲಾವಿದರು ಆಗಲೇ ಇದನ್ನು ಕಂಡು ಸುಮ್ಮನಿರಲಿಲ್ಲ. ಗ್ಯಾಬರರು ಜನಾಂಗದ್ವೇಷಕ್ಕೆ ವಿರೋಧಿಗಳೆಂಬ ಘೋಷಣೆಯನ್ನು ಮುದ್ರಿಕೆಗಳ ಮೇಲೆ ಅಚ್ಚು ಹಾಕಿಸಿದರು. ಈಗಿನ ತರುಣರು ಅಂದಿನ ಉಡುಪು, ಅಂದಿನ ತಲೆ, ಅಂದಿನ ಸದ್ದು ಎಂದು ಹುಡುಕುವಾಗ ಆ ಘೋಷಣೆಯನ್ನೂ ಹುಡುಕಿಕೊಳ್ಳುತ್ತಾರೆಯೋ ಇಲ್ಲವೋ, ಅದು ಮುಖ್ಯ. ಹಳೆಯ ಹೊಲಕ್ಕೆ ನೀರು ಬಿಟ್ಟಾಗ ಪೈರೂ ಏಳುತ್ತದೆ, ಕಳೆಯೂ ಏಳುತ್ತದೆ. ಕೀಳುವ ಕೈ ಬೇಕು.

ಒಳ್ಳೆಯದಾಗಿ ಎದ್ದುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2024ರ ಮೇ ತಿಂಗಳಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ನಡೆದ ಯೂರೋವಿಷನ್ ಗಾಯನ ಸ್ಪರ್ಧೆಗೆ ಹಾಲೆಂಡು ಕಳುಹಿಸಿದ್ದು ಯೋಸ್ಟ್ ಕ್ಲೈನ್ ಎಂಬ ತರುಣನನ್ನು, ಹಾಡು ‘ಯೂರೋಪಾಪಾ’. ಸಂಗೀತಕ್ಕೆ ಸೇರದ ಬೇರೊಂದು ಪ್ರಕರಣದಿಂದ ಅವನನ್ನು ಅಂತಿಮ ಸುತ್ತಿಗೆ ಬಿಡಲಿಲ್ಲ, ಅದು ಹಾಗಿರಲಿ. ಅವನು 1997ರಲ್ಲಿ, ಅಂದರೆ ಗ್ಯಾಬರ್ ನಗೆಪಾಟಲಾಗಿದ್ದ ವರ್ಷ, ಹುಟ್ಟಿದವನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನು ಈ ಹಾಡನ್ನು ತಂದೆಗೆ ಅರ್ಪಿಸಿದ್ದಾನೆ. ಊರೂರು ಸುತ್ತುವ ತಮಾಷೆಯ ಹಾಡಿನಂತೆ ಅದು ಹೊರಡುತ್ತದೆ. ಮುಗಿಯುವುದಕ್ಕೆ ಮುಂಚೆ ಇದ್ದಕ್ಕಿದ್ದಂತೆ ಆ ಒಡೆದ ನಗಾರಿ, ರಾಟರ್‌ಡ್ಯಾಮಿನ ಹಳೆಯ ಪೆಟ್ಟು, ಸೆಕೆಂಡಿಗೆ ಮೂರರಂತೆ ಬಂದು ಅಪ್ಪಳಿಸುತ್ತದೆ. ಅದು ನಿಂತ ಮೇಲೆ ಹುಡುಗ ತಗ್ಗಿದ ದನಿಯಲ್ಲಿ ತಂದೆಯೊಡನೆ ನಾಲ್ಕು ಮಾತಾಡುತ್ತಾನೆ.